ಉದ್ಘಾಟನೆಗೆ ಕಾದ ಬಾಗಿಲು

ಶಿಷ್ಯ ಕೇಳಿದ: “ಗುರುಗಳೇ, ಇನ್ನೊಬ್ಬರ ಕೈಕೆಳಗೆ ದುಡಿಯುವವನಿಗೆ ತನ್ನದೇ ಆದ ಧರ್ಮ ಎಂಬುದು ಉಂಟೇ? ಮೇಲಿನವರು ಹೇಳಿದ್ದನ್ನು ಮಾಡುವುದಷ್ಟೇ ಅವನ ಧರ್ಮವಲ್ಲವೇ?”

ಈ ಶಿಷ್ಯ ಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ರಜೆ ಸಿಕ್ಕಾಗ ಮಠಕ್ಕೆ ಬರುತ್ತಿದ್ದ. ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವನ ಮುಂದೂ ಒಂದು ಬೊಗಸೆ ಕಾಯಿ ಸುರಿದು, ಈ ಕತೆ ಹೇಳಿದರು.

ಒಂದು ನಗರದಲ್ಲಿ ಕಾರ್ಯಕ್ರಮ ಸಂಯೋಜಕಿ ಒಬ್ಬಳಿದ್ದಳು. ನಗರಸಭೆಯ ಕೆಲಸ, ವರ್ಷದ ಗುತ್ತಿಗೆ. ಸರ್ಕಾರದ ಯೋಜನೆ ಬಡವರ ಮನೆ ಬಾಗಿಲಿಗೆ ತಲುಪುವಂತೆ ನೋಡಿಕೊಳ್ಳುವುದೇ ತನ್ನ ಕೆಲಸವೆಂದು ಅವಳು ತಿಳಿದಿದ್ದಳು. ಕಚೇರಿಯವರು ತಿಳಿದದ್ದೇ ಬೇರೆ. ಕಾರ್ಯಕ್ರಮ ಎಂದರೆ ಅವರಿಗೆ ವೇದಿಕೆ, ಮೈಕು, ಶಾಲು, ಹಣ್ಣಿನ ಬುಟ್ಟಿ. ಪದ ಒಂದೇ, ಅರ್ಥ ಎರಡು. ಅಂಥ ಕಡೆ ಸಂಬಳ ಕೊಡುವವರ ಅರ್ಥವೇ ಗೆಲ್ಲುತ್ತದೆ. ಅವಳು ಹಾರ ತರಿಸಿದಳು, ಕುರ್ಚಿ ಹಾಕಿಸಿದಳು, ಪ್ರಾರ್ಥನೆ ಹಾಡಲು ಹುಡುಗಿಯರನ್ನು ಹುಡುಕಿದಳು. ಉಳಿದ ಹೊತ್ತಿನಲ್ಲಿ ತಾನು ತಿಳಿದ ಕೆಲಸವನ್ನೂ ಮಾಡಿದಳು.

ಬೀದಿ ಗುಡಿಸುವ ಹೆಂಗಸರಿಗಾಗಿ ಮಾರುಕಟ್ಟೆಯ ಪಕ್ಕ ಒಂದು ವಿಶ್ರಾಂತಿ ಕೋಣೆ ಎದ್ದಿತು. ಶೌಚಾಲಯ, ಕೈಕಾಲು ತೊಳೆಯಲು ನಲ್ಲಿ, ಸೀರೆ ಬದಲಿಸಲು ಮರೆ, ಕೂತು ಉಣ್ಣಲು ಕಟ್ಟೆ. ಅದಕ್ಕಾಗಿ ಅವಳು ಒಂದು ಇಲಾಖೆಯಿಂದ ಇನ್ನೊಂದಕ್ಕೆ ಓಡಾಡಿ ಚಪ್ಪಲಿ ಸವೆಸಿದ್ದಳು. ಕಟ್ಟಡ ಮುಗಿಯಿತು, ಬಣ್ಣ ಬಳಿದದ್ದಾಯಿತು, ನಲ್ಲಿಯಲ್ಲಿ ನೀರೂ ಬಂತು. ಆಮೇಲೆ ಬಾಗಿಲಿಗೆ ಬೀಗ ಬಿತ್ತು. ಉದ್ಘಾಟನೆ ಆಗಬೇಕಿತ್ತು.

ಉದ್ಘಾಟಿಸಬೇಕಾದ ನಾಯಕರು ಆಷಾಢದಲ್ಲಿ ಶುಭಕಾರ್ಯ ಬೇಡವೆಂದರು. ಶೌಚಾಲಯಕ್ಕೂ ಮುಹೂರ್ತ ಬೇಕೇ ಎಂದು ಯಾರೂ ಕೇಳಲಿಲ್ಲ. ಶ್ರಾವಣದಲ್ಲಿ ಅವರಿಗೆ ಬಿಡುವಿರಲಿಲ್ಲ. ಅಷ್ಟರಲ್ಲಿ ಕಲ್ಲಿನ ಫಲಕದಲ್ಲಿ ಇನ್ನೊಬ್ಬ ನಾಯಕರ ಹೆಸರು ಬಿಟ್ಟುಹೋಗಿದೆಯೆಂದು ತಕರಾರು ಎದ್ದಿತು. ಅದನ್ನು ಹೊಸದಾಗಿ ಕೆತ್ತಿಸುವ ಹೊತ್ತಿಗೆ ಪಿತೃಪಕ್ಷ ಬಂತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೂ ಪಂಚಾಂಗ ಅಡ್ಡ ಬಂದಿತ್ತು.

ಒಂದು ಬೆಳಿಗ್ಗೆ ಮಾರುಕಟ್ಟೆಯ ರಸ್ತೆ ಗುಡಿಸುತ್ತಿದ್ದ ಓಬಳಮ್ಮ ಎಂಬ ಹೆಂಗಸು ತಲೆಸುತ್ತಿ ಕುಸಿದಳು. ಅದೇ ದಾರಿಯಲ್ಲಿ ಬರುತ್ತಿದ್ದ ಸಂಯೋಜಕಿ ಓಡಿಹೋಗಿ ಹಿಡಿದುಕೊಂಡಳು. ತನ್ನ ನೀರಿನ ಬಾಟಲಿಯನ್ನು ಅವಳ ಬಾಯಿಗೆ ಹಿಡಿದಳು. ಓಬಳಮ್ಮ ತುಟಿ ಒದ್ದೆ ಮಾಡಿಕೊಂಡು ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು.

“ಕುಡಿಯಮ್ಮ, ಸಂಕೋಚ ಯಾಕೆ?”

“ಸಂಕೋಚ ಅಲ್ಲ ಮೇಡಮ್ಮೋರೇ. ಕುಡುದ್ರೆ ಆಮೇಲೆ ಎಲ್ಲಿಗೋಗ್ಲಿ? ಗಂಡಸ್ರಿಗಾದ್ರೆ ಗೋಡೆ ಐತೆ. ನಾವು ಮನೆ ಸೇರೋಗಂಟ ಒಂದು ಗುಟುಕೂ ಕುಡಿಯಾಕಿಲ್ಲ.” ಓಬಳಮ್ಮ ಬೀಗ ಬಿದ್ದ ಬಾಗಿಲ ಕಡೆ ನೋಡಿದಳು. “ಅದನ್ನ ಯಾರಿಗೆ ಕಟ್ಟವ್ರೆ?”

ಸಂಯೋಜಕಿಗೆ ಕಪಾಳಕ್ಕೆ ಹೊಡೆದಂತಾಯಿತು. ಬೀಗದ ಕೈ ಅವಳ ಮೇಜಿನ ಖಾನೆಯಲ್ಲೇ ಇತ್ತು. ಇಷ್ಟು ತಿಂಗಳು ದಿನವೂ ಆ ಖಾನೆ ತೆಗೆದು ಪೆನ್ನು ಎತ್ತಿಕೊಂಡಿದ್ದಳು, ಪಕ್ಕದಲ್ಲಿದ್ದ ಬೀಗದ ಕೈಯನ್ನು ಮುಟ್ಟಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಭಯ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಅವಳ ಗುತ್ತಿಗೆ ಮುಂದುವರಿಯಲು ಪೌರಾಯುಕ್ತರ ಸಹಿ ಬೀಳಬೇಕಿತ್ತು, ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲೇ. ಭಯ ಅದರ ಪಾಡಿಗೆ ಅದಿರಲಿ ಎಂದುಕೊಂಡು ಕಚೇರಿಗೆ ಹೋದಳು, ಬೀಗದ ಕೈ ತಂದು ಬಾಗಿಲು ತೆಗೆದಳು. ಟೇಪಿಲ್ಲ, ಕತ್ತರಿಯಿಲ್ಲ, ಚಪ್ಪಾಳೆಯಿಲ್ಲ. ಓಬಳಮ್ಮ ಒಳಗೆ ಹೋದಳು. ಹೊರಗೆ ಬಂದು ನಲ್ಲಿಗೆ ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪೌರಾಯುಕ್ತರಿಗೆ ಮುಟ್ಟಿತು. ಅವರು ಸಂಯೋಜಕಿಯನ್ನು ಕರೆಸಿದರು.

“ಏನ್ರೀ ಇದು? ಕಾರ್ಯಕ್ರಮಾನೇ ಆಗಿಲ್ಲ, ಬಾಗಿಲು ತೆಗೆದು ಕೂತಿದ್ದೀರಿ! ಉದ್ಘಾಟನೆಗೆ ಬರೋ ಸಾಹೇಬ್ರಿಗೆ ನಾನೇನು ಹೇಳಲಿ? ಈಗಲೇ ಹೋಗಿ ಬೀಗ ಹಾಕಿ. ಆಗಿದ್ದನ್ನ ನಾನೂ ಮರೆತುಬಿಡ್ತೀನಿ.”

“ಹಾಕ್ತೀನಿ ಸಾರ್. ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ ಅಂತ ಒಂದು ಸಾಲು ಬರೆದು ಸಹಿ ಮಾಡಿ ಕೊಡಿ.”

ಪೌರಾಯುಕ್ತರು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು. ಅಂಥ ಸಾಲು ಪತ್ರಿಕೆಯವರ ಕೈಗೆ ಸಿಕ್ಕರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ,” ಎಂದರು.

“ತಗೊಳ್ಳಿ ಸಾರ್. ಕಾರ್ಯ ನಾನು ಮಾಡಿದ್ದೀನಿ, ಕ್ರಮ ನೀವು ತಗೊಳ್ಳಿ. ಅಲ್ಲಿಗೆ ಕಾರ್ಯಕ್ರಮ ಮುಗೀತು.”

ಹೀಗೆ ಹೇಳಿ ಅವಳು ಎದ್ದು ಬಂದಳು. ಆಡಿದ ಮಾತಿಗೆ ಅವಳು ಮರುಗಲಿಲ್ಲ.

ಪೌರಾಯುಕ್ತರು ಜವಾನನ ಕೈಗೆ ಹೊಸ ಬೀಗವೊಂದನ್ನು ಕೊಟ್ಟು ಕಳಿಸಿದರು. ಅವನು ಹೋಗಿ ಬಾಗಿಲ ಬಳಿ ನಿಂತ. ಒಳಗೆ ಹೆಂಗಸರಿದ್ದರು. ಒಬ್ಬಳು ಹೊರಬಂದರೆ ಇನ್ನೊಬ್ಬಳು ಒಳಹೋದಳು. ಆ ಬೀದಿ ಈ ಬೀದಿಯವರೆಲ್ಲ ಪೊರಕೆ ಹಿಡಿದುಕೊಂಡೇ ಬಂದರು. “ಬೇಗ ಬನ್ರಮ್ಮ,” ಎಂದ ಜವಾನ. “ಯಾಕಪ್ಪ, ನಿಂಗೂ ಅವಸರಾನಾ?” ಎಂದು ಓಬಳಮ್ಮ ಒಳಗಿನಿಂದಲೇ ಕೇಳಿದಳು. ನಗು ಬೀದಿಯವರೆಗೂ ಕೇಳಿಸಿತು. ಜವಾನ ಸಂಜೆಯವರೆಗೆ ನಿಂತು, ಇಂಗು ತಿಂದ ಮಂಗನ ಹಾಗೆ ಬೀಗವನ್ನು ಜೇಬಿಗೆ ಹಾಕಿಕೊಂಡು ಹಿಂದಿರುಗಿದ. ಆ ಬಾಗಿಲಿಗೆ ಮತ್ತೆ ಬೀಗ ಬೀಳಲಿಲ್ಲ.

ಸಂಯೋಜಕಿಯ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಚೇರಿ ಬಿಟ್ಟ ದಿನ ಮಾರುಕಟ್ಟೆಯ ದಾರಿಯಲ್ಲೇ ನಡೆದು ಮನೆಗೆ ಹೋದಳು. ನಾಳೆಯ ಚಿಂತೆ ತಲೆಯಲ್ಲಿತ್ತು, ಆದರೆ ಆ ತಲೆ ತಗ್ಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಠದಲ್ಲಿ ಕೂತಿದ್ದರೂ ಕಚೇರಿಯ ಬುದ್ಧಿ ಶಿಷ್ಯನನ್ನು ಬಿಟ್ಟಿರಲಿಲ್ಲ.

“ಅವಳು ಮಾಡಿದ್ದು ಒಳ್ಳೆಯದೇ, ಗುರುಗಳೇ. ಆದರೂ ಆ ಬಾಗಿಲು ತೆಗೆಯಲು ಅವಳಿಗೆ ಯಾರ ಅಪ್ಪಣೆ ಇತ್ತು?”

ಗುರುಗಳು ಹೇಳಿದರು: “ಅಷ್ಟು ತಿಂಗಳು ಅದನ್ನು ಮುಚ್ಚಿಡಲು ಯಾರ ಅಪ್ಪಣೆ ಇತ್ತೆಂದು ನೀನು ಕೇಳಲೇ ಇಲ್ಲವಲ್ಲ.”