ನೀರಿಗೆ ಕಳಿಸಿದ ಬಡಗಿ

ಕುರ್ಚಿ, ಮೇಜು ಮಾಡಿ ಮಾರುವ ಕಾರ್ಖಾನೆ ಇಟ್ಟುಕೊಂಡಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ಮರಗೆಲಸ ಮಾಡುವವನಿಗೆ ಪದವಿ ಏಕೆ ಬೇಕು? ನನ್ನಲ್ಲಿ ಕೆಲಸಕ್ಕಿರುವ ಯುವಕನೊಬ್ಬ ಪೀಠೋಪಕರಣ ವಿನ್ಯಾಸ ಓದಲು ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಅವನ ತಾಯಿ ನನ್ನ ಮಾತು ಮೀರುವವಳಲ್ಲ. ಈ ವಿದ್ಯೆ ಕೈಯಿಂದ ಬರಬೇಕು, ಕಾಗದದಿಂದಲ್ಲ ಎಂದು ಅವಳಿಗೆ ಹೇಳಿಬಿಡಲೇ?”

ಗುರುಗಳು ಮುಖ ಗಂಟಿಕ್ಕಿದರು. ಅವಳಿಗೆ ಆಮೇಲೆ ಹೇಳುವೆಯಂತೆ, ಮೊದಲು ಇದನ್ನು ಕೇಳು ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅವನು ಮಾಡಿದ ಕುರ್ಚಿ ಅಜ್ಜನಿಂದ ಮೊಮ್ಮಗನಿಗೆ ಬಂದರೂ ಅಲುಗಾಡುತ್ತಿರಲಿಲ್ಲ. ಅವನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಇದನ್ನು ಮುಚ್ಚಿಡಲಾರೆ.

ಆ ಊರಿನ ಗಾಣಿಗನೊಬ್ಬನ ಮಗಳಿಗೆ ಮರಗೆಲಸದ ಹುಚ್ಚು. ಅವಳು ಬಂದು, ಕೆಲಸ ಕಲಿಸಿ ಎಂದು ಬಡಗಿಯನ್ನು ಕೇಳಿಕೊಂಡಳು. ಬಡಗಿ ಆಗುವುದಿಲ್ಲ ಎನ್ನಲಿಲ್ಲ. ಹಾಗೆಂದಿದ್ದರೆ ಎಷ್ಟೋ ಒಳ್ಳೆಯದಿತ್ತು. ಇರು, ನೋಡುತ್ತ ನೋಡುತ್ತ ತಾನೇ ಬರುತ್ತದೆ ಎಂದ.

ಅವಳು ಮರದ ಹೊಟ್ಟು ಗುಡಿಸಿದಳು, ಹಲಗೆ ಹೊತ್ತಳು, ಮಾಡಿ ಮುಗಿಸಿದ ಕುರ್ಚಿಗಳನ್ನು ಉಜ್ಜಿ ನುಣುಪು ಮಾಡಿದಳು. ಆದರೆ ಕುರ್ಚಿಯ ಕಾಲನ್ನು ಚೌಕಟ್ಟಿಗೆ ಕೂಡಿಸುವ ಹೊತ್ತು ಬಂತೆಂದರೆ ಬಡಗಿ ತಲೆಯೆತ್ತಿ, ನೀರು ತಗೊಂಡು ಬಾ ಎನ್ನುತ್ತಿದ್ದ. ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋಗಿ ಬರುವಷ್ಟರಲ್ಲಿ ಕಾಲು ಕೂಡಿರುತ್ತಿತ್ತು. ಬಡಗಿಯ ಮಕ್ಕಳು ಮಾತ್ರ ಪಕ್ಕದಲ್ಲಿ ಕೂತು ನೋಡಿರುತ್ತಿದ್ದರು. ಹೇಗೆ ಮಾಡಿದರು ಎಂದು ಅವಳು ಕಿರಿಯ ಮಗನನ್ನು ಕೇಳಿದರೆ, ಅಪ್ಪನನ್ನೇ ಕೇಳು ಎಂದು ಅವನು ನಕ್ಕ.

ಮೊದಮೊದಲು ಅವಳಿಗೆ ತಿಳಿಯಲಿಲ್ಲ. ಯಜಮಾನರಿಗೆ ಬಾಯಾರಿಕೆ ಜಾಸ್ತಿ ಅಂದುಕೊಂಡಳು. ಒಂದು ದಿನ ತುಂಬಿದ ಕೊಡ ಬಡಗಿಯ ಪಕ್ಕದಲ್ಲೇ ಇತ್ತು. ಆಗಲೂ ಅವನು ನೀರು ತಾ ಎಂದ. ಅವಳು ಕೊಡದ ನೀರನ್ನು ಹಿತ್ತಲ ಗಿಡಕ್ಕೆ ಸುರಿದು ಮತ್ತೆ ಬಾವಿಗೆ ಹೋದಳು. ಅವಮಾನವಾದರೂ ಹೋದಳು. ಕಲಿಯುವ ಆಸೆ ಅಂಥದು.

ಹೀಗೆ ಕೆಲವು ವರ್ಷ ಕಳೆಯಿತು. ದೂರದ ಪಟ್ಟಣದ ಕಾಲೇಜಿನಲ್ಲಿ ಮರಗೆಲಸ ಕಲಿಸಿ ಪದವಿ ಕೊಡುತ್ತಾರೆಂದು ಕೇಳಿ ಅವಳು ಅಲ್ಲಿಗೆ ಹೋದಳು. ಅಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಉಳಿ ಹಿಡಿಯಲು ಬಾರದ ಮೇಷ್ಟರುಗಳಿದ್ದರು, ಪರೀಕ್ಷೆ ಮುಗಿದೊಡನೆ ಮರೆತುಹೋಗುವ ಪಾಠಗಳಿದ್ದವು. ಆದರೆ ಕಾಲು ಕೂಡಿಸುವುದನ್ನು ಎಲ್ಲರೆದುರು ಮಾಡಿ ತೋರಿಸುವ ಒಬ್ಬ ಮೇಷ್ಟರೂ ಇದ್ದರು. ತಿಳಿಯಲಿಲ್ಲ ಎಂದರೆ ಇನ್ನೊಮ್ಮೆ ತೋರಿಸುತ್ತಿದ್ದರು. ಮೊದಲ ದಿನ ಅವರು ಉಳಿ ಕೈಗೆತ್ತಿಕೊಂಡಾಗ ಅವಳು ರೂಢಿಯ ಮೇಲೆ ಎದ್ದು ನಿಂತಳಂತೆ. ಎಲ್ಲಿಗಮ್ಮ ಹೊರಟೆ, ಕೂತ್ಕೋ ಎಂದರಂತೆ ಮೇಷ್ಟರು.

ಪದವಿ ಪಡೆದು ಅವಳು ಊರಿಗೆ ಬಂದಳು. ಹುಟ್ಟಿದ ಊರಿನಲ್ಲೇ ಈ ಕೆಲಸ ಮಾಡಿ ಬದುಕಬೇಕೆಂಬುದು ಅವಳ ಆಸೆ. ಊರ ಶಾಲೆಗೆ ಬೆಂಚುಗಳು ಬೇಕಾಗಿದ್ದವು. ಅವಳು ಒಂದು ಬೆಂಚು ಮಾಡಿ ತಂದು ಹಿರಿಯರ ಮುಂದಿಟ್ಟು, ಕೆಲಸ ತನಗೆ ಕೊಡಿ ಎಂದು ಕೇಳಿದಳು. ಬೆಂಚು ಗಟ್ಟಿಯಾಗಿತ್ತು. ಆದರೆ ಹಿರಿಯರಲ್ಲಿ ಒಬ್ಬನೂ ಅದರ ಮೇಲೆ ಕೂತು ನೋಡಲಿಲ್ಲ. ಎಲ್ಲರೂ ಅಲ್ಲೇ ಕೂತಿದ್ದ ಬಡಗಿಯ ಮುಖ ನೋಡಿದರು.

“ಬೆಂಚು ಮಾಡೋದಕ್ಕೆ ಪದವಿ ಯಾಕೆ?” ಎಂದ ಬಡಗಿ. “ಇಷ್ಟು ವರ್ಷ ನನ್ನ ಪಕ್ಕದಲ್ಲೇ ಇದ್ದಳು. ಆಗ ಬಾರದ ಕೆಲಸ ಒಂದು ಕಾಗದ ತಂದರೆ ಬಂದುಬಿಡುತ್ತದೆಯೇ?”

ಹಿರಿಯರು ತಲೆದೂಗಿದರು.

“ಯಜಮಾನರೇ, ನೀವು ಕಾಲು ಕೂಡಿಸುವುದನ್ನು ನಾನು ಒಂದು ದಿನವೂ ನೋಡಲಿಲ್ಲ” ಎಂದಳು ಅವಳು. “ಆಗೆಲ್ಲ ನಾನು ಬಾವಿಯ ಹತ್ತಿರ ಇರುತ್ತಿದ್ದೆ.”

ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಬಡಗಿ ಸುಳ್ಳು ಹೇಳುವವನಲ್ಲವೆಂದು ಅವರಿಗೆ ಗೊತ್ತಿತ್ತು. ಅವನು ಸುಳ್ಳು ಹೇಳಲೂ ಇಲ್ಲ, ನನ್ನ ಮೈ ಉರಿಯುವುದು ಅದಕ್ಕೇ. ಅವಳು ಅವನ ಪಕ್ಕದಲ್ಲಿದ್ದದ್ದು ನಿಜ, ಆಗ ಅವಳಿಗೆ ಕೆಲಸ ಬಾರದಿದ್ದದ್ದೂ ನಿಜ. ತಾನಂತೂ ಕಲಿಸಲಿಲ್ಲ, ಬೇರೆಡೆ ಕಲಿತು ಬಂದರೆ ಅದನ್ನೂ ಹೀಗಳೆಯಲು ಅವನಿಗೆ ನಾಚಿಕೆಯಾಗಬೇಡವೇ? ಬೆಂಚಿನ ಕೆಲಸ ಬಡಗಿಯ ಮಕ್ಕಳಿಗೆ ಹೋಯಿತು. ಅವಳು ಊರು ಬಿಟ್ಟಳು. ಬಡಗಿ ಈಗಲೂ ಜಗಲಿಯ ಮೇಲೆ ಕೂತು, ಈ ಕಾಲದವರಿಗೆ ಕಲಿಯುವ ಶ್ರದ್ಧೆಯಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಬಂದವರು ಹೌದೌದು ಎನ್ನುತ್ತಾರೆ.

ಕತೆ ಮುಗಿಯುವ ಹೊತ್ತಿಗೆ ಶಿಷ್ಯನಿಗೂ ಸಿಟ್ಟು ಬಂದಿತ್ತು. ಅಂಥ ಬಡಗಿಗೆ ಊರವರೆಲ್ಲ ಸೇರಿ ಛೀಮಾರಿ ಹಾಕಬೇಕಿತ್ತು ಎಂದ. ಗುರುಗಳು ಅವನನ್ನು ಕೇಳಿದರು:

“ಇಲ್ಲಿಗೆ ಹೊರಡುವಾಗ ಆ ಯುವಕನಿಗೆ ಯಾವ ಕೆಲಸ ಹೇಳಿ ಬಂದೆ?”