ಕರಡಿಯಜ್ಜಿಯ ಸಣಕಲು ತೋಳು

ಕಲ್ಲುಗುಡ್ಡದ ಕರಡಿಯಜ್ಜಿಗೆ ವಯಸ್ಸಾಗಿ, ಕಲ್ಲು ಮಗುಚಿ ಗೆದ್ದಲು ತಿನ್ನುವ ಶಕ್ತಿಯೂ ಹೋಗಿತ್ತು. ಹಸಿದು ಬಡವಾಗಿದ್ದ ಅವಳನ್ನು ಕಂಡು ಪಕ್ಕದ ಗವಿಯ ಹರೆಯದ ಕರಡಿ ಬೊಮ್ಮ, "ಅಜ್ಜಿ, ನಾಳೆಯಿಂದ ನನ್ನ ಜೊತೆ ಬಾ. ಸಣ್ಣ ಕಲ್ಲುಗಳಿಂದ ಶುರು ಮಾಡೋಣ" ಎಂದ.

ಅಜ್ಜಿ ಹೋದಳು. ಬೊಮ್ಮ ಒಂದೇ ಉಸಿರಿಗೆ ಹತ್ತು ಕಲ್ಲು ಮಗುಚಿದರೆ, ಅವಳು ಎರಡು ಮಗುಚಿ ಮರುದಿನವೆಲ್ಲ ಮಲಗಬೇಕಾಗುತ್ತಿತ್ತು. ಹಾಗೆಯೇ ಮಳೆಗಾಲ ಕಳೆಯಿತು. ಬೊಮ್ಮನ ಹೆಗಲು ಹಲಸಿನ ಹಣ್ಣಿನಂತೆ ಉಬ್ಬಿತು. ಅಜ್ಜಿಯ ತೋಳು ಮಾತ್ರ ಇದ್ದ ಹಾಗೆಯೇ ಇತ್ತು.

"ಇನ್ನು ನಾನು ಬರುವುದಿಲ್ಲ ಮಗಾ," ಎಂದಳು ಅಜ್ಜಿ. "ಏನು ಮಾಡಿದರೂ ಈ ಮುದಿ ಮೈಗೆ ಹತ್ತುವುದಿಲ್ಲ."

ಬೊಮ್ಮ ಉತ್ತರ ಕೊಡುವಷ್ಟರಲ್ಲಿ ಮೇಲಿನಿಂದ ಬಂಡೆಯೊಂದು ಜಾರಿ ಬಂದು ಅವನ ಮುಂಗಾಲಿನ ಮೇಲೆ ಕೂತಿತು. ಬಿದ್ದಲ್ಲಿಂದಲೇ ಅವನು ಎಷ್ಟು ತಳ್ಳಿದರೂ ಅದು ಕದಲಲಿಲ್ಲ. "ಅಜ್ಜೀ!" ಎಂದು ಚೀರಿದ.

ಅಜ್ಜಿ ಯೋಚಿಸುತ್ತ ನಿಲ್ಲಲಿಲ್ಲ. ಹಿಂಗಾಲು ಊರಿ, ಬಂಡೆಗೆ ಹೆಗಲು ಕೊಟ್ಟು ನೂಕಿದಳು. ಬಂಡೆ ಅಲುಗಿತು, ವಾಲಿತು, ಇಳಿಜಾರಿಗೆ ಉರುಳಿಹೋಯಿತು. ಬೊಮ್ಮ ಕಾಲು ಎಳೆದುಕೊಂಡು ನೆಕ್ಕಿದ. ಎಲುಬು ಮುರಿದಿರಲಿಲ್ಲ. ಅಜ್ಜಿಗೆ ಹೋದ ಜೀವ ಬಂದಂತಾಯಿತು.

"ಹೋದ ಬೇಸಿಗೆಯಲ್ಲಿ ನಿನ್ನ ಕೈಯಲ್ಲಿ ಹಿಡಿಗಲ್ಲೂ ಮಗುಚಲು ಆಗುತ್ತಿರಲಿಲ್ಲ!" ಎಂದ ಬೊಮ್ಮ ಬೆರಗಾಗಿ.

ಅಜ್ಜಿ ತನ್ನ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದು ಈಗಲೂ ಸಣಕಲಾಗಿಯೇ ಇತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಮೆಲ್ಲಗೆ ಏಳು ಮಗಾ," ಎಂದಳು. "ಕಾಲು ವಾಸಿಯಾಗುವವರೆಗೆ ನಿನ್ನ ಊಟದ ಜವಾಬ್ದಾರಿ ನನ್ನದು."