ದೊಣೆಯಮ್ಮನ ಬಿಳಿ ಮೆಟ್ಟಿಲು

ಹೆಂಗಸಿನ ಕೈಯಲ್ಲಿ ಸುಣ್ಣದ ಭಟ್ಟಿ ನಿಲ್ಲದೆಂದು ಮೊದಲು ನುಡಿದವನು ಮಾಳವ್ವನ ಮೈದುನ ಭೈರಣ್ಣ. ಅದು ಕಲಿಯುಗದ ಮೊದಲ ಪಾದ; ಕರಿಬಂಡೆದುರ್ಗವೆಂಬ ಈ ಪುಣ್ಯಪಟ್ಟಣವು ಇನ್ನೂ ಏಳುತ್ತಿದ್ದು, ಹಗಲೆಲ್ಲ ಉಳಿಯ ಸದ್ದು ಬಂಡೆಯಿಂದ ಬಂಡೆಗೆ ಹಾರುತ್ತಿದ್ದ ಕಾಲ. ಆ ಭಟ್ಟಿ ನಡೆಸುತ್ತಿದ್ದ ಅಣ್ಣ ಸತ್ತು, ಅವನ ತಿಥಿಯ ಎಲೆ ಎತ್ತುವ ಮೊದಲೇ ಅವನು ಅಂಗಳದಲ್ಲಿ ನಿಂತು, “ಅತ್ತಿಗೆ, ಬೆಂಕಿ ಗಂಡಸಿನ ಮಾತು ಕೇಳ್ತದೆ. ನಿನ್ನ ಕೈಗೆ ಸಿಕ್ಕರೆ ಕಲ್ಲು ಬೇಯೋದಿಲ್ಲ, ಮನೆ ಬೇಯ್ತದೆ” ಎಂದ. ಎರಡನೆಯವನು ಕೋಟೆ ಕಟ್ಟುವವರ ಯಜಮಾನ ಸಿಂಗೋಜ. “ಸುಣ್ಣ ಅಂದ್ರೆ ಎಲೆಗೆ ಹಚ್ಚಿಕೊಳ್ಳೋದು ಅಂತ ತಿಳಿದಾಳೆ” ಎಂದು ಅವನು ನಕ್ಕ, ಅಷ್ಟೆ. ಮಾಳವ್ವ ಸೆರಗು ಬಿಗಿದು ಭಟ್ಟಿಯೊಳಗೆ ಇಳಿದಳು.

ಕಲಿಸುವವರು ಯಾರೂ ಇರಲಿಲ್ಲವಾದ್ದರಿಂದ ಅವಳು ಹೊಗೆಯಿಂದಲೇ ಕಲಿತಳು. ಹೊಗೆ ಕಪ್ಪಗೆ ಸುತ್ತುತ್ತಿದ್ದರೆ ಕಲ್ಲು ಇನ್ನೂ ಹಸಿ. ಹೊಗೆಯೆಲ್ಲ ಅಡಗಿ ಭಟ್ಟಿಯ ಬಾಯಲ್ಲಿ ಬರಿಯ ಕಾವು ನಡುಗುತ್ತಿದ್ದರೆ ಕಲ್ಲು ಬೆಂದಿದೆ. ಮೊದಲ ಸುಡುವಿಕೆ ಹಾಳಾಯಿತು, ಎರಡನೆಯದೂ ಹಾಳಾಯಿತು. ಆಮೇಲೆ ಹಾಳಾಗಲಿಲ್ಲ. ಇಂದು ಯಾತ್ರಿಕರು ತಲೆಯೆತ್ತಿ ನೋಡುವ ಆನೆಬಾಗಿಲು, ಅದರ ಒಳಗಿನ ವರ್ತಕರ ಬೀದಿಯ ಕಮಾನುಗಳು, ಧಾನ್ಯಕ್ಕೆ ತೇವ ತಾಗದಂತೆ ಒಳಗೆಲ್ಲ ಗಾರೆ ಬಳಿದ ದುಂಡು ಕಣಜ, ಗಾಳಿಗೆ ಎದೆಯೊಡ್ಡಿ ನಿಂತ ಹದ್ದಿನ ಕೊತ್ತಲ, ನಾಯಕರ ಅರಮನೆಯ ಈಜುಗೊಳ — ಇವೆಲ್ಲವುಗಳ ಸಂದಿನಲ್ಲಿ ಇಂದಿಗೂ ಕಲ್ಲನ್ನು ಕಲ್ಲಿಗೆ ಹಿಡಿದು ನಿಂತಿರುವುದು ಮಾಳವ್ವನ ಸುಣ್ಣವೇ. ಸಿಂಗೋಜನ ನಗು ನಿಂತಿತು. ಆದರೆ ಅವನಾಗಲಿ ಭೈರಣ್ಣನಾಗಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ‘ನಿನ್ನ ಕೈಲಿ ಆಯ್ತು’ ಎಂಬ ಒಂದು ಮಾತಿಗಾಗಿ ಅವಳ ಕಿವಿ ಯಾವಾಗಲೂ ಕಾಯುತ್ತಿತ್ತು.

ಆಗ ಕೋಟೆಗೆ ಮುತ್ತಿಗೆ ಬಿತ್ತು. ಪಡುವಣ ದೊರೆಯ ದಂಡು ಗುಡ್ಡದ ಬುಡದ ಕೆರೆಯನ್ನು ಹಿಡಿದುಕೊಂಡು ಕೂತಿತು. ಊರಿಗೆ ಉಳಿದದ್ದು ಬೆಟ್ಟದ ನೆತ್ತಿಯ ಕೊರಕಲಿನಲ್ಲಿ, ಕಡಿದ ಮೆಟ್ಟಿಲುಗಳ ತಳದಲ್ಲಿ ಕಪ್ಪಗೆ ಮಲಗಿದ್ದ ದೊಣೆಯೊಂದೇ. ಬಂಡೆಯೊಡಲಿನ ಆ ತಣ್ಣೀರಿಗೆ ದೊಣೆಯಮ್ಮ ಒಡತಿ. ಶತ್ರುವಿನ ಕವಣೆಗಲ್ಲಿಗೆ ಪಡುವಣ ಗೋಡೆ ಬಿರಿದಿತ್ತು. ಅದನ್ನು ಮುಚ್ಚಲು ಸುಣ್ಣ ಬೇಕು, ಸುಟ್ಟ ಸುಣ್ಣದ ಕಲ್ಲನ್ನು ಅರಳಿಸಲು ನೀರು ಬೇಕು. ನೀರು ಹೊತ್ತು ತರುವ ದೂರ ಕಡಿಮೆಯಾಗಲೆಂದು ಮಾಳವ್ವ ದೊಣೆಯ ಬಾಯಲ್ಲೇ ಹೊಸ ಭಟ್ಟಿ ಕಟ್ಟಿದಳು.

ದೊಣೆಯಮ್ಮನಿಗೆ ದೀಪವಿಡುವ ಮುದುಕಿ ಜಕ್ಕವ್ವ ಕೋಲೂರಿಕೊಂಡು ಬಂದಳು. “ಇಲ್ಲಿ ಬೇಡ ತಾಯಿ. ಇದು ಗಾಳಿ ಹೊರಳದ ಜಾಗ.”

“ಗಾಳಿ ಇಲ್ಲದ ಕಡೇನೇ ಅಜ್ಜಿ ಬೆಂಕಿ ಒಂದೇ ಸಮ ಉರಿಯೋದು.”

“ಅಮ್ಮನ್ನ ಒಂದು ಮಾತು ಕೇಳಿದೆಯಾ?”

“ನನ್ನ ಭಟ್ಟಿಗೆ ಬೆಂಕಿ ಇಡೋಕೆ ನಾನು ಯಾರನ್ನೂ ಕೇಳಿದವಳಲ್ಲ” ಎಂದಳು ಮಾಳವ್ವ. ತಿರುಗಿ ನೋಡದೆ ಕಲ್ಲು ಪೇರಿಸಿದಳು.

ಭಟ್ಟಿ ಹೊತ್ತಿತು. ದೊಣೆಯ ಮೇಲೆ ಹಾರಿದ ಗುಬ್ಬಿಗಳು ರೆಕ್ಕೆ ಮರೆತಂತೆ ಮೆಟ್ಟಿಲ ಮೇಲೆ ಉದುರಿದವು. ನೀರು ಕುಡಿಯಲಿಳಿದ ಮೇಕೆ ಮೇಲೆ ಬರಲಿಲ್ಲ. ಆಮೇಲೆ ಕಾವಡಿಯಲ್ಲಿ ನೀರು ಹೊರುವ ಕೆಂಚಣ್ಣ ಬೆಳಗ್ಗೆ ಎಂದಿನಂತೆ ಪದ ಹೇಳುತ್ತ ಇಳಿದ. ಪದ ನಡುವೆ ನಿಂತಿತು. ಇಣುಕಿ ನೋಡಿದರೆ ಅವನು ಕೆಳಗಿನ ಮೆಟ್ಟಿಲ ಮೇಲೆ ಗೋಡೆಗೊರಗಿ, ಬಿಡಾರದಲ್ಲಿ ದಣಿವಾರಿಸಿಕೊಳ್ಳುವವನ ಹಾಗೆ ಕೂತಿದ್ದ. ಕೂಗಿದರೆ ಓಗೊಡಲಿಲ್ಲ. ಕೊಕ್ಕೆಹಗ್ಗದಿಂದ ಎಳೆದು ತಂದಾಗ ಜೀವ ಹೋಗಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಜನ ಅದಕ್ಕೇ ಹೆಚ್ಚು ಹೆದರಿದರು. ಗಾಯ ಮಾಡಿ ಕೊಲ್ಲುವುದನ್ನು ಕಾಣಬಹುದು; ಇದು ಕಾಣದ್ದು, ಸದ್ದಿಲ್ಲದ್ದು, ನೀರಿನ ಮೇಲೆ ಮಲಗಿ ಕಾಯುವಂಥದ್ದು.

“ಜಾರಿ ಬಿದ್ದಿರಬೇಕು” ಎಂದಳು ಮಾಳವ್ವ.

ಆ ಊರಿನಲ್ಲಿ ಕತ್ತಲ ನೀರಿಗೆ ಇಳಿಯುವ ಮುನ್ನ ಹಗ್ಗದಲ್ಲಿ ಹಣತೆಯನ್ನು ಇಳಿಬಿಡುವ ವಾಡಿಕೆ. ದೀಪ ನಿಂತರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಜಕ್ಕವ್ವ ಎಲ್ಲರೆದುರಿಗೆ ಹಣತೆ ಇಳಿಸಿದಳು. ಅರ್ಧದವರೆಗೆ ನೆಟ್ಟಗಿದ್ದ ಕುಡಿ, ಎಲೆಯೂ ಅಲುಗದ ಆ ಜಾಗದಲ್ಲಿ, ಯಾರೋ ಬೆರಳಿನಿಂದ ಚಿವುಟಿದಂತೆ ನಂದಿತು. ಸೇರಿದ್ದವರು ಒಬ್ಬರ ಹಿಂದೆ ಒಬ್ಬರು ಸರಿದರು.

“ಎಣ್ಣೇಲಿ ನೀರು ಸೇರಿದೆ” ಎಂದಳು ಮಾಳವ್ವ. ಭಟ್ಟಿಯ ಕಡೆ ಕೈ ತೋರಿಸುವವರು ಯಾರಾದರೂ ಇದ್ದಾರೆಯೇ ಎಂದು ಮುಖಗಳನ್ನು ನೋಡಿದಳು. ಭೈರಣ್ಣ ಮೀಸೆಯೊಳಗೇ ನಗುತ್ತಿದ್ದ. “ಆರಿಸಿಬಿಡು ಅತ್ತಿಗೆ. ಮೊದಲೇ ಹೇಳಿದ್ದೆ, ನಿನ್ನ ಕೈಲಿ ಆಗೋದಲ್ಲ ಅಂತ.” ಆ ನಗುವೊಂದು ಇಲ್ಲದಿದ್ದರೆ ಅವಳು ಅಂದೇ ಬೆಂಕಿ ಆರಿಸುತ್ತಿದ್ದಳೇನೋ.

ಬಿಂದಿಗೆ ಎತ್ತಿ ಮಗಳು ತುಂಗಿಯ ಸೊಂಟಕ್ಕೆ ಕೊಟ್ಟಳು. ಮದುವೆಯ ವಯಸ್ಸಿನ ಹುಡುಗಿ, ತಾಯಿಯ ಭಟ್ಟಿಯ ಬೂದಿಯಲ್ಲೇ ಆಡಿ ಬೆಳೆದವಳು. “ಹೋಗಿ ನೀರು ತಾ. ಇವರಿಗೆಲ್ಲ ಕಾಣಲಿ.”

“ಅವ್ವಾ, ಅಲ್ಲಿ ಕೆಂಚಣ್ಣ ಮಾವ…”

“ಸುಣ್ಣಗಾರರ ಮನೆ ಹುಡುಗಿ ನೀನು. ಬೆಂಕಿಗೆ ಹೆದರದವಳು ನೀರಿಗೆ ಹೆದರ್ತೀಯಾ?”

ತುಂಗಿ ಇಳಿದಳು. ಕಾಲ್ಗಡಗದ ಸದ್ದು ಒಂದೊಂದೇ ಮೆಟ್ಟಿಲು ಕೆಳಗೆ ಹೋಯಿತು. ಮಾಳವ್ವ ಆ ಸದ್ದನ್ನೇ ಹಿಡಿದುಕೊಂಡು ನಿಂತಿದ್ದಳು. ಅದು ತಡವರಿಸಿತು. ಬಿಂದಿಗೆ ಉರುಳಿದ ಸದ್ದು ಬಂತು, ಉರುಳಿ ಉರುಳಿ ನೀರಿಗೆ ಬಿತ್ತು. ಆಮೇಲೆ ಏನೂ ಇಲ್ಲ.

ಧುಮುಕಲು ಹೋದವಳನ್ನು ಸಿಂಗೋಜ ತೋಳಲ್ಲಿ ಬಿಗಿದು ಹಿಡಿದ. “ನೀನೂ ಅಲ್ಲೇ ಕೂತುಬಿಡ್ತೀಯ, ಮಾಳೀ!” ಮೇಲಿನಿಂದ ಕಾಣುತ್ತಿತ್ತು: ಹುಡುಗಿ ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದಾಳೆ, ಜಡೆ ಮುಂದಕ್ಕೆ ಜೋತಿದೆ. ತನ್ನ ಬಾಯಿಂದಲೇ ಅವಳನ್ನು ಕಳಿಸಿದ್ದಳು. ಮೊದಲ ಬಾರಿಗೆ ಮಾಳವ್ವ ಯಾರದೋ ಮುಂದೆ ಮಂಡಿಯೂರಿದಳು, ಬಂಡೆಗೆ ಹಣೆ ಹಚ್ಚಿ, “ತಾಯೀ, ಕೇಳದೆ ಇಟ್ಟೆ. ಈಗ ಕೇಳ್ತೀನಿ. ಏನು ಬೇಕಾದರೂ ತಗೋ” ಎಂದಳು.

ಆಗ ಕೊರಕಲಿನ ಆಳದಿಂದ, ಬಂಡೆಯೇ ಬಾಯ್ದೆರೆದಂತೆ, ಅಲ್ಲಿ ನೆರೆದ ಸಮಸ್ತರಿಗೂ ಕೇಳುವಂತೆ ದೇವಿಯ ವಾಣಿಯಾಯಿತು: “ಮಗಳೇ, ಕಲ್ಲನ್ನು ಸುಟ್ಟು ಅದರ ಉಸಿರನ್ನು ಹೊರಗಟ್ಟಿದವಳು ನೀನು. ನೆಲೆ ತಪ್ಪಿದ ಆ ಉಸಿರು ನನ್ನ ಮನೆಯಲ್ಲಿ ಬಂದು ಮಲಗಿದೆ. ನಿನ್ನ ಸುಣ್ಣದಲ್ಲಿ ಅದಕ್ಕೆ ಮರಳಿ ಜಾಗ ಕೊಡು, ಅದು ಮತ್ತೆ ಕಲ್ಲಾಗಲಿ. ನನ್ನ ಬಾಗಿಲಿನ ಬೆಂಕಿಯನ್ನು ನಿನ್ನ ಕೈಯಿಂದಲೇ ಆರಿಸು. ಆಮೇಲೆ ಇಲ್ಲಿ ದೀಪ ಆರದು.”

ಗೋಡೆಗೆಂದು ಅರಳಿಸಿಟ್ಟ ಸುಣ್ಣವೆಲ್ಲ ತೊಟ್ಟಿಯಲ್ಲಿತ್ತು. ಅವಳು ಅದನ್ನು ಹಾಲಿನಂತೆ ಕಲಕಿ ಕೊಡಗಳಲ್ಲಿ ತುಂಬಿ ಮೆಟ್ಟಿಲ ಮೇಲೆ ಸುರಿದಳು. ಒಂದು ಕೈಯಲ್ಲಿ ಹಣತೆ, ಇನ್ನೊಂದರಲ್ಲಿ ಸುಣ್ಣದ ಹಾಲಿನ ಚರಿಗೆ. ಎರಚುವುದು, ಕುಡಿ ನಿಂತಿತೇ ಎಂದು ನೋಡುವುದು, ಒಂದು ಮೆಟ್ಟಿಲು ಇಳಿಯುವುದು. ಕುಡಿ ನೀಲಿಗಟ್ಟಿ ಕುಗ್ಗಿದಾಗ ಅಲ್ಲೇ ನಿಂತು ಮತ್ತೆ ಎರಚುವುದು. ಮೇಲಿನಿಂದ ಸಿಂಗೋಜನ ಆಳುಗಳು ಕೊಡದ ಮೇಲೆ ಕೊಡ ಸುರಿಯುತ್ತಿದ್ದರು. ಬಿಳಿಯ ಧಾರೆ ಅವಳ ಹಿಮ್ಮಡಿಯನ್ನು ಸುಡುತ್ತ ಅವಳಿಗಿಂತ ಮುಂದೆ ಇಳಿಯಿತು. ಕಡೆಗೆ ಕೈಗೆ ಜಡೆ ಸಿಕ್ಕಿತು. ದೀಪ ಉರಿಯುತ್ತಲೇ ಇತ್ತು.

ಮೇಲೆ ತಂದು ಮಲಗಿಸಿದ ತುಂಗಿ ಬಹಳ ಹೊತ್ತು ಅಲುಗಲಿಲ್ಲ. ಜಕ್ಕವ್ವ ಅವಳ ಎದೆ ತಿಕ್ಕುತ್ತಿದ್ದಳು. ಹುಡುಗಿ ಕೆಮ್ಮಿದಳು, ಅವ್ವನ ಮುಖ ನೋಡಿದಳು, “ಬಿಂದಿಗೆ ಹೋಯ್ತು” ಎಂದಳು.

ಮಾಳವ್ವ ಎದ್ದು ಭಟ್ಟಿಯ ಕಡೆ ನಡೆದಳು. ಒಳಗೆ ಅಂದು ಸುಟ್ಟ ಕಲ್ಲು ತುಂಬಿ ಕೆಂಪಗೆ ಕಾದಿತ್ತು.

ಸಿಂಗೋಜ ಅಡ್ಡ ಬಂದ. “ಮಗಳು ಬದುಕಿದಳಲ್ಲ ತಾಯಿ, ಸಾಕು. ಅರಳಿಸಿದ್ದೆಲ್ಲ ದೊಣೆಗೆ ಹೋಯ್ತು. ಬಿರಿದ ಗೋಡೆಗೆ ಗಾರೆ ಇಲ್ಲದೆ ಬರೀ ಒಣಗಲ್ಲು ಪೇರಿಸಿದ್ದೀವಿ, ಅದು ಎಷ್ಟು ಹೊತ್ತು ನಿಂತೀತು? ಈ ಭಟ್ಟೀನಾದರೂ ಉಳಿಸು.”

ಭೈರಣ್ಣನ ಮೀಸೆಯಲ್ಲಿ ನಗುವಿರಲಿಲ್ಲ. ಅವನು ಕೈಮುಗಿದಿದ್ದ. “ಅತ್ತಿಗೆ, ನಿನ್ನ ಬಿಟ್ಟರೆ ಈ ದುರ್ಗದಲ್ಲಿ ಸುಣ್ಣ ಸುಡೋರು ಯಾರೂ ಇಲ್ಲ. ನಾನೇ ಹೇಳ್ತಿದೀನಿ. ಆರಿಸಬೇಡ.”

ಇಷ್ಟು ವರ್ಷ ಕಿವಿ ಕಾದಿದ್ದ ಮಾತು ಅದು. ಮಾಳವ್ವ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅಮ್ಮನಿಗೆ ಕೊಟ್ಟ ಮಾತು ನಂದು, ಮೈದುನ. ದೂರ ನಿಲ್ಲು” ಎಂದು ದೊಣೆಯ ನೀರನ್ನು ಭಟ್ಟಿಯ ಬಾಯಿಗೆ ಹೊಯ್ದಳು.

ಕಾದ ಸುಣ್ಣದ ಕಲ್ಲು ಸಿಡಿಲಿನಂತೆ ಬಿರಿಯಿತು. ಬಿಳಿಯ ಆವಿ ಬೆಟ್ಟದ ನೆತ್ತಿಯನ್ನೆಲ್ಲ ಮುಚ್ಚಿ, ಒಣಗಲ್ಲಿನ ಸಂದುಗಳಿಂದ ಬುಸುಗುಡುತ್ತ ಹೊರಹೊಮ್ಮಿ, ಮುಳುಗುವ ಸೂರ್ಯನ ಬೆಳಕು ಹೊತ್ತಿಕೊಂಡು ಕೆಂಪಾಗಿ, ಹೆಡೆಯೆತ್ತಿದ ಮಹಾಸರ್ಪದಂತೆ ಪಡುವಣ ಇಳಿಜಾರಿನಲ್ಲಿ ಇಳಿಯತೊಡಗಿತು. ಬುಡದಲ್ಲಿದ್ದ ದಂಡು ಬೆಟ್ಟವೇ ಉಸಿರುಬಿಟ್ಟಿತೆಂದು ಕೂಗಿಕೊಂಡು, ಡೇರೆ ಕೀಳುವಷ್ಟೂ ನಿಲ್ಲದೆ ಕೆರೆ ಬಿಟ್ಟು ಓಡಿತು. ಊರು ಉಳಿಯಿತು. ಆವಿ ತಿಳಿಯಾದಾಗ ಮಾಳವ್ವ ಭಟ್ಟಿಯ ಪಕ್ಕದಲ್ಲಿ ಕೂತಿದ್ದಳು. ಸಿಡಿದ ಸುಣ್ಣ ಅವಳ ಎರಡೂ ಕಣ್ಣು ತಿಂದಿತ್ತು. “ದೀಪ ಇಳಿಸಿ, ಅಜ್ಜಿ” ಎಂದಳು ಜಕ್ಕವ್ವನಿಗೆ. “ಆರಿತಾ?”

“ಇಲ್ಲ ತಾಯಿ. ನೀರಿನ ತನಕ ಹೋಯ್ತು.”

ಯಾತ್ರಿಕರೇ, ಆನೆಬಾಗಿಲಿನಿಂದ ಕಣಜ ದಾಟಿ ಮೇಲೆ ಬಂದರೆ ಕರಿಯ ಬಂಡೆಯ ನಡುವೆ ದೊಣೆಗಿಳಿಯುವ ಬಿಳಿಯ ಮೆಟ್ಟಿಲುಗಳನ್ನು ಇಂದಿಗೂ ನೋಡಬಹುದು. ಅಂದು ಸುರಿದ ಸುಣ್ಣದ ಹಾಲು ಕಲ್ಲಾಗಿ ಅಲ್ಲೇ ನಿಂತಿದೆ; ಉಗುರಿನಿಂದ ಕೆರೆದರೂ ಬರುವುದಿಲ್ಲ. ಪಡುವಣ ಗೋಡೆಯಲ್ಲಿ ಗಾರೆ ಕಾಣದ ಒಣಗಲ್ಲಿನ ತುಂಡೊಂದಿದೆ. ಅದನ್ನು ಯಾರೂ ಮತ್ತೆ ಕಟ್ಟಿಲ್ಲ. ಚೈತ್ರದ ಹುಣ್ಣಿಮೆಯಂದು ಹೆಂಗಸರು ಚಿಟಿಕೆ ಸುಣ್ಣ ತಂದು ಮೊದಲ ಮೆಟ್ಟಿಲಿಗೆ ಇಟ್ಟು ಹಣತೆ ಇಳಿಬಿಡುತ್ತಾರೆ. ಅದು ನೀರು ಮುಟ್ಟುವವರೆಗೆ ಯಾರೂ ಮಾತಾಡುವುದಿಲ್ಲ. ಊರಿನ ದೊಡ್ಡವರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ; ನೀವೂ ನಿಲ್ಲಿರಿ.

ಆ ಹಣತೆಯನ್ನು ಹಚ್ಚುವ ಹಕ್ಕು ತುಂಗಿಯ ಸಂತತಿಯ ಹೆಣ್ಣುಮಕ್ಕಳದು, ದೊರೆ ಬಂದರೂ ಅವರೇ ಹಚ್ಚಬೇಕು. ಬೆಟ್ಟದ ಮೇಲೆ ಮಾಳವ್ವನದೆಂದು ಉಳಿದಿರುವುದು ಆ ಹಕ್ಕು, ಆ ಮೆಟ್ಟಿಲು. ಅದಕ್ಕಾಗಿ ಅವಳು ತೆತ್ತದ್ದು ತನ್ನ ಭಟ್ಟಿಯನ್ನು ಮತ್ತು ಕಣ್ಣುಗಳನ್ನು. ಕೆಂಚಣ್ಣನ ಜೀವವೂ ಅದರಲ್ಲಿ ಸೇರಿದೆ. ಆ ಜೀವ ತೆರಲು ಅವಳದಾಗಿರಲಿಲ್ಲ, ಅವಳ ತಪ್ಪಿಗೆ ತೆತ್ತವನು ಅವನು. ಅದಕ್ಕೇ ಮೊದಲ ದೀಪವನ್ನು ಇಂದಿಗೂ ಅವನ ಹೆಸರಿನಲ್ಲಿ ಇಳಿಸುತ್ತಾರೆ.